ಉಡಿಯಲ್ಲಿ ಬಂದ ಹೆಬ್ಬೇವು

ನನ್ನ ಮೇಜಿನ ಮೇಲೆ ಒಂದು ಜಡೆ ಇದೆ. ಮೊಳ ಉದ್ದ, ಕಂದು ಬಣ್ಣ, ತುದಿಯಲ್ಲಿ ಎಳೆ ಎಳೆ ಬಿಚ್ಚಿಕೊಂಡಿದೆ. ಮನೆಗೆ ಬಂದವರು ಕುರ್ಚಿಯಲ್ಲಿ ಕೂತು ನೀರು ಕುಡಿಯುತ್ತಾ ಕುಡಿಯುತ್ತಾ ಅದರ ಕಡೆ ನೋಡುತ್ತಾರೆ. ಲೋಟ ಅರ್ಧಕ್ಕೇ ಕೆಳಗಿಳಿಯುತ್ತದೆ. ಕೆಲವರು ಅದೇನೆಂದು ಕೇಳುತ್ತಾರೆ. ಕೇಳದೆ ಎದ್ದು ಹೋಗುವವರ ಬಗ್ಗೆಯೇ ನನಗೆ ಹೆದರಿಕೆ, ಅವರು ಮನೆಗೆ ಹೋಗಿ ನನ್ನ ವಿಷಯ ಏನು ಹೇಳಿಯಾರೋ! ಆದ್ದರಿಂದ ನಿಮಗೆ ಮೊದಲೇ ಹೇಳಿಬಿಡುತ್ತೇನೆ. ಅದು ಕೂದಲಲ್ಲ, ಬೇರು. ನಮ್ಮ ಬಚ್ಚಲಿನಿಂದ ನಾನೇ ಕೈಯಾರೆ ಎಳೆದು ತೆಗೆದದ್ದು.

ಹೋದ ಬೇಸಿಗೆಯಲ್ಲಿ ಎರಡು ದಿನದಿಂದ ಬಚ್ಚಲ ನೀರು ಇಳಿಯುತ್ತಿರಲಿಲ್ಲ. ನಾನು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನು. ಜಗಳೂರು, ಹೊನ್ನಾಳಿ, ನ್ಯಾಮತಿ ಎಲ್ಲ ಸುತ್ತಿ ಕೊನೆಗೆ ಚನ್ನಗಿರಿಯಲ್ಲಿ ನಿವೃತ್ತನಾಗಿ ಇಲ್ಲೇ ಬೇರುಬಿಟ್ಟೆ. ಎಮ್ಮೆಯ ಹೊಟ್ಟೆಯೊಳಗೆ ಅಡ್ಡ ತಿರುಗಿದ ಕರುವನ್ನು ಸರಿಮಾಡಿ ಎಳೆದ ಕೈ ಇದು. ಬಚ್ಚಲ ಕೊಳವೆ ಯಾವ ದೊಡ್ಡದು ಅಂದುಕೊಂಡು ಜಾಲರಿ ಕಿತ್ತು ಮೊಳಕೈತನಕ ಕೈ ಇಳಿಸಿದೆ. ಏನೋ ಸಿಕ್ಕಿತು. ಮೆತ್ತಗೆ, ಒದ್ದೆಯಾಗಿ, ಮುಷ್ಟಿ ತುಂಬ. ಎಳೆದೆ, ಬಂತು. ಇನ್ನೂ ಎಳೆದೆ, ಇನ್ನೂ ಬಂತು. ಹೊರಗೆ ಬಂದದ್ದನ್ನು ನೋಡಿ ನಾನು ಹಿಂದಕ್ಕೆ ಸರಿದು ಬಕೆಟ್ಟಿನ ಮೇಲೆ ಕೂತುಬಿಟ್ಟೆ. ಸದ್ದು ಕೇಳಿ ನನ್ನ ಹೆಂಡತಿ ಶಾರದ ಓಡಿ ಬಂದಳು.

"ಯಾರ ಜಡೆ ರೀ ಇದು?" ಎಂದಳು. ಆ ದನಿಯಲ್ಲಿ ಭಯಕ್ಕಿಂತ ಅನುಮಾನ ಜಾಸ್ತಿ ಇತ್ತು.

ಬೇರು ಯಾರದೆಂದು ತಿಳಿಯಲು ಕಿಟಕಿಯಾಚೆ ನೋಡಿದರೆ ಸಾಕಾಗಿತ್ತು. ಅಲ್ಲಿ ನಮ್ಮ ಗೋಡೆಗೂ ಪಕ್ಕದ ನಿಂಗಮ್ಮನವರ ಗೋಡೆಗೂ ನಡುವಿನ ಸಂದಿನಲ್ಲಿ, ಎರಡು ಮನೆಗಳ ಮಾಳಿಗೆಯನ್ನೂ ದಾಟಿ, ಹೆಬ್ಬೇವಿನ ಮರ ನಿಂತಿತ್ತು. ನನ್ನ ಎರಡು ತೋಳಿನ ಹಿಡಿತಕ್ಕೆ ಸಿಗದಷ್ಟು ದಪ್ಪ.

ಅದು ಅಲ್ಲಿಗೆ ಬಂದ ಬಗೆ ಹೇಳಬೇಕು. ಆ ಬೇಸಿಗೆಗೆ ಹನ್ನೊಂದು ವರ್ಷದ ಹಿಂದೆ ನಿಂಗಮ್ಮನವರ ಮಗಳು ವೀಣಾಳ ಮದುವೆ. ಗಂಡು ನ್ಯಾಮತಿಯವನು. ಊಟ ಮುಗಿಸಿ ಹೊರಟು ನಿಂತಾಗ ನಿಂಗಮ್ಮನವರು ಶಾರದೆಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಕಣ, ಎಲೆ ಅಡಿಕೆ. ಎಲ್ಲ ಆದಮೇಲೆ ಪ್ಲಾಸ್ಟಿಕ್ ಚೀಲದಲ್ಲಿದ್ದ ಗೇಣುದ್ದದ ಒಂದು ಸಸಿಯನ್ನೂ ಅದರ ಮೇಲೆ ಇಟ್ಟರು. ಆ ವರ್ಷ ಮದುವೆಗಳಲ್ಲಿ ಸಸಿ ಕೊಡುವುದು ಹೊಸ ರೂಢಿ. "ನಮ್ಮ ಹುಡುಗಿ ನೆನಪಿಗೆ ಇರ್ಲಿ ಶಾರದಮ್ಮ. ನಿಮ್ಮ ಕಣ್ಣಮುಂದೆ ಬೆಳೀಲಿ" ಎಂದು ಅವರು ಕಣ್ಣೊರೆಸಿಕೊಂಡರು. ಶಾರದೆಯೂ ಒರೆಸಿಕೊಂಡಳು. ಉಡಿಗೆ ಬಂದದ್ದನ್ನು ಯಾರೂ ಬೇಡವೆನ್ನುವುದಿಲ್ಲ, ಬಿಸಾಡುವುದಿಲ್ಲ, ಬೇರೆಯವರಿಗೆ ದಾಟಿಸುವುದಿಲ್ಲ. ಅಕ್ಕಿಯಾದರೆ ಅನ್ನ ಮಾಡಿ ಉಣ್ಣಬಹುದು. ಸಸಿಯನ್ನು ಏನು ಮಾಡುತ್ತೀರಿ?

ನೆಡಬೇಕು. ನೆಡುವ ದಿನ ಶಾರದೆಯ ತಮ್ಮ ಬಸಣ್ಣ ಕತ್ತಲಗೆರೆಯಿಂದ ಬಂದಿದ್ದ. ಹುಟ್ಟಿದಾಗಿನಿಂದ ಅಡಿಕೆ ಬಿಟ್ಟು ಬೇರೆ ಮರವನ್ನು ಮರವೆಂದು ಎಣಿಸದ ಮನುಷ್ಯ. ಸಂದಿಗೆ ಹೋಗಿ ಕಾಲಿನಿಂದ ಅಳೆದ.

"ಭಾವ, ನಿಮ್ಮ ಗೋಡೆಯಿಂದ ಅವ್ರ ಗೋಡೆಗೆ ಬರೋಬ್ಬರಿ ಒಂಬತ್ತು ಅಡಿ ಐತೆ. ನಮ್ಮ ತೋಟದ ಸಾಲೂ ಒಂಬತ್ತೇ. ನಟ್ಟನಡುವೆ ಇಟ್ಬಿಡ್ರಿ."

"ಗೋಡೆಗೆ ಹತ್ರ ಆಗಲ್ವೇನೋ?"

"ನಾಲ್ಕೂವರೆ ಅಡಿ ಹತ್ರ ಏನ್ರೀ? ಎರಡು ಅಡಿಕೆ ನಡುವೆ ಒಂದು ಬಾಳೆ ಇಟ್ಟಂಗೆ. ಮರ ಮ್ಯಾಲಕ್ಕೆ ಹೋಗ್ತೈತೆ ಹೊರತು ಪಕ್ಕಕ್ಕೆ ಯಾಕೆ ಬರ್ತೈತೆ?"

ಅಡಿಕೆ ಮರ ಹಾಗೆಯೇ ತಾನೆ. ಅದರ ಸೊಂಟ ಎಂದೂ ದಪ್ಪವಾಗುವುದಿಲ್ಲ, ಬೇರು ಯಾರ ತಂಟೆಗೂ ಹೋಗುವುದಿಲ್ಲ. ಬಸಣ್ಣ ನಮ್ಮ ಎರಡು ಮನೆಗಳನ್ನು ಎರಡು ಅಡಿಕೆ ಮರಗಳೆಂದು ತಿಳಿದು ಅಳತೆ ಕೊಟ್ಟ; ನಾನು ಅವನನ್ನು ತಿಳಿದವನೆಂದು ತಿಳಿದು ಗುಂಡಿ ತೋಡಿದೆ.

ನನ್ನ ಆಸೆಯೂ ಸೇರಿತ್ತೆಂದು ಒಪ್ಪಿಕೊಳ್ಳಬೇಕು. ನಾನು ಹುಟ್ಟಿ ಬೆಳೆದದ್ದು ಜಗಳೂರಿನ ಕಡೆ, ಅಜ್ಜಿಯ ಮಡಿಲಲ್ಲಿ. ಬೀದಿಗೆಲ್ಲ ಒಂದೇ ಬೇವಿನ ಮರ. ಅದರ ಕೆಳಗೆ ಮೂರು ಮನೆಗಳ ಹೊರಸು. ಬಿಸಿಲು ತಿರುಗಿದಂತೆ ಹೊರಸುಗಳೂ ತಿರುಗುತ್ತಿದ್ದವು, ಅವುಗಳ ಜೊತೆಗೆ ಜಗಳವೂ. ಅಜ್ಜಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. "ನೆಳ್ಳು ಒಳ್ಳುಕಲ್ಲಿನ ತಾವ ಬಂತು, ಮುದ್ದೆಗೆ ಎಸರಿಡ್ರೇ" ಎಂದು ಸೊಸೆಯರಿಗೆ ಕೂಗುತ್ತಿದ್ದಳು. ನೆರಳು ಅನ್ನುವ ಮಾತಿಗೆ ಅವಳ ಬಾಯಲ್ಲಿ ತಣ್ಣಗಿನ ರುಚಿಯಿತ್ತು. ಹೊರಸಿನಲ್ಲಿ ಎಲ್ಲರಿಗಿಂತ ಚಿಕ್ಕವನಾದ ನನಗೆ ಸಿಗುತ್ತಿದ್ದದ್ದು ಕಾಲಕಡೆಯ ಜಾಗ. ತಲೆ ನೆರಳಲ್ಲಿ, ಕಾಲು ಬಿಸಿಲಲ್ಲಿ. ಒಂದು ಇಡೀ ಮರದ ನೆರಳು ನನ್ನೊಬ್ಬನದೇ ಆಗಬೇಕೆಂಬ ದುರಾಸೆ ಆವತ್ತೇ ಹುಟ್ಟಿರಬೇಕು. ಅಜ್ಜಿ ಹಿತ್ತಲಲ್ಲಿ ನೆಟ್ಟ ಇನ್ನೊಂದು ಬೇವಿನ ಗಿಡಕ್ಕೆ ವರ್ಷವಿಡೀ ಪಾತ್ರೆ ತೊಳೆದ ನೀರು ಹಾಕಿದರೂ ಅದು ಗೇಣು ಏರಿದರೆ ಹೆಚ್ಚು. ಮರಗಳ ಬಗ್ಗೆ ನನಗಿದ್ದ ತಿಳಿವಳಿಕೆ ಅಷ್ಟೇ: ಅವು ಅವಸರ ಮಾಡುವುದಿಲ್ಲ.

ಈ ಸಸಿ ನೆಟ್ಟ ಮೊದಲ ವರ್ಷವೇ ಕಿಟಕಿಯ ಸಜ್ಜೆ ಮುಟ್ಟಿದಾಗ ನಾನು ಗಾಬರಿಯಾದೆ. ಎರಡನೆಯ ವರ್ಷ ಮಾಳಿಗೆಗೆ ಬಂತು. ನೀರು ಹಾಕುವುದನ್ನು ನಿಲ್ಲಿಸಿದೆ. ಅದಕ್ಕೆ ನನ್ನ ನೀರಿನ ಹಂಗು ಇದ್ದಂತೆ ಕಾಣಲಿಲ್ಲ. ಹಸುವಿನ ಗಬ್ಬ ನೋಡುವವನಂತೆ ತಿಂಗಳು ತಿಂಗಳು ಹೋಗಿ ಕಾಂಡ ಮುಟ್ಟಿ ನೋಡುತ್ತಿದ್ದೆ. ಪ್ರತಿ ಸಲವೂ ಕೈ ಮೊದಲಿಗಿಂತ ದೂರ ಹೋಗುತ್ತಿತ್ತು. ನಿಂಗಮ್ಮನವರು ಮಾತ್ರ ಬಂದವರಿಗೆಲ್ಲ ತೋರಿಸುತ್ತಿದ್ದರು: "ನಮ್ಮ ವೀಣಾನ ಮದ್ವಿ ಮರ. ಕಾಂಪೋಂಡ್ರು ಹೆಂಗೆ ಸಾಕ್ಯಾರೆ ನೋಡ್ರಿ!" ಇಷ್ಟು ಹೊಗಳಿಸಿಕೊಂಡಮೇಲೆ ಕೊಡಲಿಯ ಮಾತು ಎತ್ತುವುದು ಹೇಗೆ? ನಾನು ಒಮ್ಮೆ ಎತ್ತಿದ್ದಕ್ಕೆ ಶಾರದ, "ಉಡಿಯಾಗೆ ಬಂದಿದ್ದು ರೀ. ಅವ್ರ ಮನ್ಸಿಗೆ ಏನಾಗ್ತೈತೆ?" ಎಂದು ಸುಮ್ಮನಾಗಿಸಿದಳು. ಅಷ್ಟೇ ಅಲ್ಲ, ಶುಕ್ರವಾರ ಶುಕ್ರವಾರ ಅದರ ಬುಡಕ್ಕೆ ಅರಿಷಿಣ ಕುಂಕುಮ ಇಡತೊಡಗಿದಳು. ಮರಕ್ಕೋಸ್ಕರವಲ್ಲ, ಪಕ್ಕದ ಮನೆಯವರು ನೋಡಲಿ ಅಂತ.

ಆಮೇಲೆ ಮನೆ ನರಳತೊಡಗಿತು. ನಡುಮನೆಯ ಒಂದು ಟೈಲ್ಸ್ ಎದ್ದು ನಿಂತಿತು. ದೇವರಕೋಣೆಯ ಬಾಗಿಲು ಮುಚ್ಚಲು ಭುಜ ಕೊಡಬೇಕಾಯಿತು. ನಾವೇನು ಮಾಡಿದೆವು ಗೊತ್ತೇ? ಎದ್ದ ಟೈಲ್ಸಿನ ಮೇಲೆ ಜಮಖಾನ ಹಾಸಿದೆವು. ಒಂದು ದಿನ ನಿಂಗಮ್ಮನವರು ಅದನ್ನು ಎಡವಿ ಮುಗ್ಗರಿಸಿದರು. "ಏನ್ ಶಾರದಮ್ಮ, ನೆಲ ಹಿಂಗೈತೆ?" ಎಂದರೆ ನಾನು ಮುಂದೆ ಬಿದ್ದು, "ಮೊದ್ಲಿಂದ್ಲೂ ಹಂಗೇ ಐತಮ್ಮ, ಗಾರೆಯೋರು ಕುಡಿದು ಹಾಕಿದ್ದು" ಎಂದೆ. ನಮ್ಮ ಮನೆಗೆ ನೆಲ ಹಾಕಿದವರು ಜೀವಮಾನದಲ್ಲಿ ಎಲೆ ಅಡಿಕೆಯನ್ನೂ ಮುಟ್ಟದವರು. ಅವರು ನನ್ನನ್ನು ಕ್ಷಮಿಸಲಿ.

ಬಚ್ಚಲಿಂದ ಬೇರು ಬಂದಮೇಲೆ ಜಮಖಾನದ ಉಪಾಯ ನಡೆಯುವಂತಿರಲಿಲ್ಲ. ಊರಲ್ಲಿ ಮರ ಕಡಿಯುವುದಕ್ಕೂ ಗೋಡೆ ಕಟ್ಟುವುದಕ್ಕೂ ಒಬ್ಬನೇ ಇರುವುದು, ಖಾದರ್ ಮೇಸ್ತ್ರಿ. ನಿಂಗಮ್ಮನವರು ಸೋಮವಾರ ಬೆಳಗ್ಗೆ ಗುಡಿಗೆ ಹೋಗುವ ಹೊತ್ತು ನೋಡಿ ಅವನನ್ನು ಕಳ್ಳತನದಲ್ಲಿ ಕರೆಸಿದೆ. ಬಂದವನು ಮರದ ಕಡೆ ತಿರುಗಿಯೂ ನೋಡಲಿಲ್ಲ. ಟೀ ಕುಡಿಯುತ್ತಾ ಕೂತ.

"ಮರ ನೋಡಯ್ಯ ಖಾದರ್."

"ನೋಡೀನಿ ಸಾರ್."

"ಯಾವಾಗ ನೋಡಿದ್ಯೋ? ಈಗ ತಾನೆ ಬಂದಿದ್ದೀಯ!"

ಖಾದರ್ ಬಸಿ ಕೆಳಗಿಟ್ಟ. "ಹೇಳಾಕೆ ಆಗಲ್ಲ ಸಾರ್. ಆಣೆ ಹಾಕ್ಸ್ಯಾರೆ."

"ಯಾರು?"

"ಯಾರಂತ ಹೇಳ್ಬಾರ್ದು ಅಂತಾನೇ ಸಾರ್ ಆಣೆ ಹಾಕ್ಸಿರೋದು" ಎಂದವನು ಗದ್ದವನ್ನು ಮೆಲ್ಲಗೆ ಪಕ್ಕದ ಮನೆಯ ಕಡೆ ಎತ್ತಿ, "ನೀವೇ ಹೋಗಿ ಆ ಕ್ಯಾಲೆಂಡರ್ ಒಂಚೂರು ಎತ್ತಿ ನೋಡ್ರಿ. ನಾನಂತೂ ಏನೂ ಹೇಳಿಲ್ಲ" ಎಂದ.

ನಾನು ಚಪ್ಪಲಿ ಮೆಟ್ಟದೆ ಹೋದೆ. ನಿಂಗಮ್ಮನವರು ಆಗಷ್ಟೇ ಗುಡಿಯಿಂದ ಬಂದು ಹಣೆಯ ವಿಭೂತಿ ಆರುವ ಮುಂಚೆಯೇ ಹೂ ಕಟ್ಟಲು ಕೂತಿದ್ದರು. ಅವರ ನಡುಮನೆಯ ಗೋಡೆಯ ಮೇಲೆ ಬಾಗಿಲಗಲದ ಒಂದು ದೇವರ ಕ್ಯಾಲೆಂಡರ್. ಅದರ ಕೆಳಗೆ ಅವರ ಸಾಗುವಾನಿ ಮಂಚ. ನಾನು ವಾರಕ್ಕೆರಡು ಸಲ ಆ ಕ್ಯಾಲೆಂಡರ್ ಎದುರು ಕೂತು ಕಾಫಿ ಕುಡಿದವನು. ಅದು ಮೂರು ವರ್ಷದ ಹಿಂದಿನದು, ಅದರಲ್ಲೂ ಜನವರಿ ಹಾಳೆ ಎಂಬುದು ನನ್ನ ಕಣ್ಣಿಗೆ ಬಿದ್ದದ್ದು ಆವತ್ತೇ. ದನದ ಕಣ್ಣಿನ ಬಣ್ಣ ನೋಡಿ ರೋಗ ಹೇಳುತ್ತಿದ್ದವನ ಕಣ್ಣು ಇದು! ಮಾತಿಲ್ಲದೆ ಹೋಗಿ ಕ್ಯಾಲೆಂಡರ್ ಎತ್ತಿದೆ.

ಕ್ಯಾಲೆಂಡರಿನ ಉದ್ದಕ್ಕೂ, ಮಂಚದ ಹಿಂದಿನತನಕ, ಗೋಡೆ ಸೀಳಿತ್ತು. ಹಳೆಯ ಮಣ್ಣುಗಾರೆಯ ಇಟ್ಟಿಗೆ ಗೋಡೆ. ಮರದ ಆಚೆಬದಿಗೆ ಹೋಗಿ ಅದನ್ನು ನೋಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಕೈ ಹಾಕಿದೆ, ಮುಂಗೈತನಕ ಹೋಯಿತು. ಕಣ್ಣಿಟ್ಟು ನೋಡಿದೆ, ಆಚೆ ಮರದ ತೊಗಟೆ, ಅದರ ಮೇಲೆ ಇರುವೆಗಳ ಸಾಲು, ಅದರಾಚೆ ನಮ್ಮ ಬಚ್ಚಲ ಕಿಟಕಿಯಲ್ಲಿ ನನ್ನದೇ ಪಟ್ಟೆ ಟವೆಲ್ಲು.

"ಯಾವಾಗಿಂದ ಅಮ್ಮ ಇದು?"

"ಏನೋ ಒಂಚೂರು ಬಿಟ್ಟೈತೆ. ಹಳೇ ಗೋಡಿ. ಕೂತ್ಕಳ್ರಿ ಕಾಂಪೋಂಡ್ರೆ, ಕಾಫಿ ಕಾಸ್ತೀನಿ."

"ಒಂಚೂರಾ? ನನ್ನ ಕೈ ಹೋಗ್ತೈತಮ್ಮ!"

"ನಿಮ್ಮ ಕೈ ಎಲ್ಲಿಗೆ ಹೋಗಲ್ಲ ಬಿಡ್ರಿ. ಎಮ್ಮಿ ಹೊಟ್ಯಾಗೂ ಹೋಗ್ತಿತ್ತು."

ನಾನು ನಗಲಿಲ್ಲ. ಅವರೂ ಹೂವಿನ ದಾರ ಕೆಳಗಿಟ್ಟರು. "ಹೆಂಗ್ ಹೇಳಾಕೆ ಬರ್ತೈತ್ರೀ? ನನ್ನ ಕೈಯಾರೆ ಶಾರದಮ್ಮನ ಉಡಿಗೆ ಹಾಕಿದ್ದು. ಉಡಿ ತುಂಬಿದ ನಾನೇ ಕಡೀರಿ ಅಂದ್ರೆ, ಕೊಟ್ಟಿದ್ದನ್ನ ಕಿತ್ಕಂಡಂಗೆ ಆಗಲ್ವಾ? ನೀವಾದ್ರೂ ಅದಕ್ಕೆ ಎಷ್ಟು ಮಾಡಿದ್ರಿ! ಶುಕ್ರವಾರ ತಪ್ಪದಂಗೆ ಅರಿಷಿಣ ಕುಂಕುಮ ಇಡ್ತೀರಿ. ದೇವ್ರು ಅಂತ ಪೂಜೆ ಮಾಡಾರ ಹತ್ರ ನಾನು ಕೊಡ್ಲಿ ತರ್ರಿ ಅನ್ಲಾ?"

ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಶಾರದ ಹಣೆ ಚಚ್ಚಿಕೊಂಡಳು. "ಅಯ್ಯೋ ನಮ್ಮವ್ವಾ! ನೀವು ಬ್ಯಾಸರ ಮಾಡ್ಕಂತೀರಿ ಅಂತ ಇಟ್ಟಿದ್ದು ಅರಿಷಿಣ ಕುಂಕುಮ! ಬರ್ರಿ ಇಲ್ಲಿ, ನಮ್ಮ ಜಮಖಾನದ ಕೆಳಗೆ ಏನೈತೆ ತೋರಿಸ್ತೀನಿ."

ಆಮೇಲಿನ ಅರ್ಧ ಗಂಟೆ ಇಬ್ಬರು ಹೆಂಗಸರೂ ಒಬ್ಬರ ಮನೆಯ ಗಾಯವನ್ನು ಇನ್ನೊಬ್ಬರಿಗೆ ತೋರಿಸುತ್ತಾ ತಿರುಗಿದರು. ಬೈದರು, ಅತ್ತರು, ಕೊನೆಗೆ ನಕ್ಕರು. ನನಗೆ ನಗು ಬರಲಿಲ್ಲ. ಆ ಮಂಚದ ತಲೆಭಾಗ ಸೀಳಿಗೆ ಅಂಟಿಕೊಂಡೇ ಇತ್ತು. ಮೂರು ವರ್ಷ, ದಿನವೂ, ಒಂದು ಮಾತು ಬಾಯಿಂದ ಆಡಲಾಗದೆ, ಈ ಹೆಣ್ಣುಮಗಳು ಅದರ ಕೆಳಗೆ ತಲೆಯಿಟ್ಟು ಮಲಗಿದ್ದರು.

ಖಾದರ್ ಈಗ ಆಣೆಯಿಂದ ಬಿಡುಗಡೆಯಾಗಿ ಬಾಯಿಬಿಟ್ಟ. "ಮೊದಲ್ನೇ ಜೋರು ಮಳೆಗೆ ಗೋಡೆ ಮಲಗ್ತೈತೆ ಸಾರ್. ಮರ ಇಳಿಸಾಕೆ ಹೋದ್ರೂ ಅಲುಗ್ತೈತೆ. ಏನೇ ಮಾಡ್ರಿ, ಅಮ್ಮನ್ನ ಇವತ್ತೇ ಆಚೆ ಕರ್ಕಂಡು ಬರ್ರಿ."

ನಿಂಗಮ್ಮನವರು ಒಪ್ಪಲಿಲ್ಲ. "ಇನ್ನೊಬ್ರ ಮನ್ಯಾಗೆ ಹೋಗಿ ಕಾಲು ಚಾಚ್ಲಾ? ಅವ್ರಿಗೆ ಯಾಕೆ ತ್ರಾಸು?" ಮತ್ತದೇ ದಾಕ್ಷಿಣ್ಯ! ಆಗ ನನಗೆ ಸಿಟ್ಟು ಬಂತು. ಬಸ್ ನಿಲ್ದಾಣದ ಹತ್ತಿರ ಬಟ್ಟೆ ಅಂಗಡಿ ಇಟ್ಟು, ಅದರ ಹಿಂದಿನ ಒಂದೇ ಕೋಣೆಯಲ್ಲಿ ಸಂಸಾರ ಮಾಡಿಕೊಂಡಿರುವ ಅವರ ಮಗ ರುದ್ರೇಶನಿಗೆ ಫೋನು ಮಾಡಿ, "ಬಾರೋ, ನಿಮ್ಮವ್ವನ್ನ ನಮ್ಮ ಮನೆಗೆ ಎತ್ಕಂಡು ಬಾ" ಎಂದೆ. ಅವನು ಹೆಂಡತಿಯನ್ನೂ ಕರೆದುಕೊಂಡು ಬಂದ. ಸಾಗುವಾನಿ ಮಂಚ ಬಾಗಿಲಲ್ಲಿ ಹಿಡಿಸದೆ ಅಲ್ಲೇ ಉಳಿಯಿತು. ನಿಂಗಮ್ಮನವರು ಮಾತ್ರ ಒಂದು ಚೀಲ, ಒಂದು ಕೌದಿ ಹಿಡಿದು ನೆಂಟರಂತೆ ಸೆರಗು ಸರಿಮಾಡಿಕೊಂಡು ನಮ್ಮ ಮನೆಗೆ ಬಂದರು.

ಪುರಸಭೆ ಕಚೇರಿಯಿಂದ ಮರ ಕಡಿಯುವ ಒಪ್ಪಿಗೆ ಕಾಗದ ಬಂತು. ಆದರೆ "ಕಡಿ" ಎಂದು ಬಾಯಿಂದ ಹೇಳುವವರು ಯಾರು? ಖಾದರ್ ಹಗ್ಗ, ಗರಗಸ ಇಟ್ಟುಕೊಂಡು ನಿಂತಿದ್ದಾನೆ. "ನೀವು ಹೇಳ್ರಿ, ನಿಮ್ಮ ಮರ" ಎಂದು ನಿಂಗಮ್ಮನವರು. "ನೀವು ಹೇಳ್ರಿ, ನಿಮ್ಮ ಮಗಳ ಮರ" ಎಂದು ಶಾರದ. ಕೊನೆಗೆ ರುದ್ರೇಶ ಬೇಸತ್ತು ನ್ಯಾಮತಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಇಟ್ಟ. ನಿಂಗಮ್ಮನವರು ಗಂಟಲು ಸರಿಮಾಡಿಕೊಂಡು, ಸಾವಿನ ಸುದ್ದಿ ಹೇಳುವವರ ಹಾಗೆ ಶುರುಮಾಡಿದರು. "ವೀಣಾ, ಬ್ಯಾಸರ ಮಾಡ್ಕಬ್ಯಾಡವ್ವ. ನಿನ್ನ ಮದ್ವಿ ಮರ..."

"ಯಾವ ಮರವ್ವ?"

"ಅದೇ ಕಣೇ, ಉಡಿ ತುಂಬುವಾಗ ಕೊಟ್ಟಿದ್ವಲ್ಲ ಸಸಿ! ಈಗ ಬೆಳ್ದು ಗೋಡಿ ಸೀಳೈತೆ."

ಆ ಕಡೆಯಿಂದ ಕುಕ್ಕರ್ ಸೀಟಿ ಕೇಳಿತು. "ಅಯ್ಯವ್ವ, ಸಸಿ ಬೇರೆ ಕೊಟ್ಟಿದ್ರಾ? ನಂಗೆ ಗ್ಯಾನಾನೇ ಇಲ್ಲ ನೋಡು. ಅದೂ ಒಂದು ಮದ್ವಿ ಮರ ಅಂತ ಯಾರು ಹೇಳಿದ್ರು? ಗೋಡೆಗೆ ತಾಗ್ತಿದ್ರೆ ಕಡ್ಸಿ ಬಿಸಾಕ್ರಿ!"

ಫೋನು ಇಟ್ಟಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹನ್ನೊಂದು ವರ್ಷ ಎರಡು ಮನೆಯವರು ಗೋಡೆ ಒಡ್ಡಿ ಕಾಪಾಡಿದ ನೆನಪು ಅದು, ನೆನಪಿಟ್ಟುಕೊಳ್ಳಬೇಕಾದವಳಿಗೇ ನೆನಪಿಲ್ಲ. ನಾನು ಖಾದರನ ಕಡೆ ತಿರುಗಿ, "ಹತ್ತಯ್ಯ" ಎಂದೆ.

ತುದಿಯಿಂದ ಶುರುಮಾಡಿ, ಕೊಂಬೆಗಳನ್ನು ಹಗ್ಗ ಕಟ್ಟಿ ಒಂದೊಂದಾಗಿ ಇಳಿಸಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಬರಿಯ ಬೊಡ್ಡೆ ಉಳಿಯಿತು. ಸಂದಿಗೆ ಬಿಸಿಲು ಬಿತ್ತು. ಗೋಡೆ ನಿಂತೇ ಇತ್ತು. "ನೋಡಿದ್ರಾ, ಏನೂ ಆಗ್ಲಿಲ್ಲ. ನಾಳೆ ನಮ್ಮನಿಗೆ ಹೋಗ್ತೀನಿ" ಎಂದು ನಿಂಗಮ್ಮನವರು ಚೀಲ ಕಟ್ಟತೊಡಗಿದರು. ಖಾದರ್, "ಇನ್ನೆರಡು ದಿನ ಇರ್ರಿ ಅಮ್ಮ" ಎಂದದ್ದಕ್ಕೆ ಮುಖ ಗಂಟಿಕ್ಕಿಕೊಂಡೇ ಉಳಿದರು.

ಮಾರನೆಯ ದಿನ ಮಧ್ಯಾಹ್ನ. ಊಟವಾಗಿತ್ತು. ನಮ್ಮ ನಡುಮನೆಯಲ್ಲಿ ಕೂತು ಅವರೂ ಶಾರದೆಯೂ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಲಾರಿಯಿಂದ ಯಾರೋ ಮೂಟೆಗಳನ್ನು ಒಟ್ಟಿಗೆ ಕೆಡವಿದಂತೆ ಒಂದು ಸದ್ದು. ಅಷ್ಟೇ. ಕಿಟಕಿಯಿಂದ ಕೆಂಪು ಧೂಳು ಒಳಗೆ ಬಂತು.

ನಾವು ಓಡಿದೆವು. ಗೋಡೆ ಒಳಕ್ಕೆ ಬಿದ್ದಿತ್ತು. ಕ್ಯಾಲೆಂಡರ್ ಕಾಣಲಿಲ್ಲ. ಮಂಚದ ಮೇಲೆ ಎದೆಮಟ್ಟ ಇಟ್ಟಿಗೆಯ ರಾಶಿ. ಆ ಗಟ್ಟಿ ಸಾಗುವಾನಿ ನಡುವಿಗೇ ಮುರಿದು ಕಾಲು ಮಡಿಸಿ ಕೂತ ಎತ್ತಿನಂತೆ ಕುಸಿದಿತ್ತು. ನಿಂಗಮ್ಮನವರು ಹುಣಸೆಹಣ್ಣು ಅಂಟಿದ ಕೈಗಳನ್ನು ಹಾಗೇ ಮುಂದೆ ಹಿಡಿದುಕೊಂಡು ನಿಂತಿದ್ದರು.

"ದಿನಾ ಊಟ ಆದ್ಮ್ಯಾಲೆ ಇಷ್ಟೊತ್ತಿಗೆ ಒಂದು ಗಳಿಗೆ ಅಡ್ಡ ಆಗ್ತಿದ್ದೆ" ಎಂದರು, ತಮಗೇ ಹೇಳಿಕೊಂಡಂತೆ.

ಶಾರದ ಅವರ ಸೊಂಟ ಹಿಡಿದುಕೊಂಡಳು. ನಾನು ಹೋಗಿ ಮರದ ಬೊಡ್ಡೆಯ ಮೇಲೆ ಕೂತೆ. ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಆ ಮಾತು ಒರಟಾದೀತೆಂದು ಎರಡು ಮನೆಯವರೂ ನುಂಗಿಕೊಂಡಿದ್ದೆವು, ಎಷ್ಟು ಮರ್ಯಾದಸ್ಥರು ನಾವು!

ಆವತ್ತು ಸಂಜೆ ಎಲ್ಲರೂ ಒಟ್ಟಿಗೆ ಕೂತಾಗ ನಾನೇ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಹೇಳಿದೆ: ಇನ್ನುಮೇಲೆ ಯಾರಿಗೆ ಯಾರಿಂದ ಏನೇ ತೊಂದರೆಯಾಗಲಿ, ಆವತ್ತೇ ಮುಖಕ್ಕೆ ಹೇಳಿಬಿಡಬೇಕು. ದಾಕ್ಷಿಣ್ಯ ಮಾಡಿದವರು ಈ ಮನೆಯವರಲ್ಲ. ನಿಂಗಮ್ಮನವರು ಗಂಭೀರವಾಗಿ ತಲೆಯಾಡಿಸಿದರು. ಖಾದರ್ ಹೊಸ ಗೋಡೆಗೆ ಪಾಯ ತೆಗೆಯುವಾಗ ಅವನನ್ನು ಕರೆದು, "ಮೇಸ್ತ್ರೀ, ಈ ಕಡೀಗೆ ಒಂದು ಕಿಟಕಿ ಇಡು. ಇವ್ರ ಕೂಡೆ ಮಾತಾಡಾಕೆ ಬೇಕಾಗ್ತೈತೆ" ಎಂದರು. ಕಿಟಕಿ ಬಂತು. ಬರೋಬ್ಬರಿ ನಮ್ಮ ಬಚ್ಚಲಿಗೆ ಎದುರಾಗಿ.

ಅವರು ತಮ್ಮ ಮನೆಗೆ ಮರಳಿದ ಮೂರನೆಯ ಬೆಳಗ್ಗೆ. ಎಂದಿನಂತೆ ವಚನ ಹಾಡುತ್ತಾ ಸ್ನಾನ ಮುಗಿಸಿ ಟವೆಲ್ಲು ಸುತ್ತಿಕೊಂಡು ಹೊರಗೆ ಬರುತ್ತಿದ್ದೆ. ಎದುರಿನ ಹೊಸ ಕಿಟಕಿಯಿಂದ ಕರೆ ಬಂತು.

"ಕಾಂಪೋಂಡ್ರೆ!"

"ಏನಮ್ಮ?"

"ಒಂದು ಮಾತಿತ್ತು. ಹೇಳಿಬಿಡ್ಲಾ?"

ನನಗೆ ಬಹಳ ಸಂತೋಷವಾಯಿತು. "ಹೇಳ್ರಿ ಹೇಳ್ರಿ. ಆವತ್ತು ಏನು ಮಾತಾಡ್ಕಂಡಿದೀವಿ? ದಾಕ್ಷಿಣ್ಯ ಬ್ಯಾಡ."

"ನೀವು ದಿನಾ ಸ್ನಾನ ಮಾಡುವಾಗ ವಚನ ಹಾಡ್ತೀರಲ್ಲ..."

"ಹೂಂ" ಎಂದೆ. ಇನ್ನೊಂದು ಹಾಡಿ ಅನ್ನುತ್ತಾರೆಂದು ಟವೆಲ್ಲು ಸರಿಮಾಡಿಕೊಂಡು ನೆಟ್ಟಗೆ ನಿಂತೆ.

"ಅದೊಂದು ಬಿಟ್ಬಿಡ್ರಿ. ಮರ ಇದ್ದಾಗ ಎಲಿ ಸದ್ದಿನಾಗೆ ಒಂಚೂರು ಮುಚ್ಚೋಗ್ತಿತ್ತು. ಈಗ ತಡ್ಕಳಾಕೆ ಆಗವಲ್ದು."

ನಾನು ಆಸರೆಗೆಂದು ಅಡುಗೆಮನೆಯ ಕಡೆ ತಿರುಗಿದೆ. ಶಾರದ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ತಲೆ ಎತ್ತಲಿಲ್ಲ.

"ನಾನೂ ಮದ್ವಿ ಆದಾಗಿಂದ ಹೇಳ್ಬೇಕು ಅಂತಿದ್ದೆ ರೀ" ಎಂದಳು.